ದೇವರಾಜನಿಗೆ ಕೊಟ್ಟ ರೆಸ್ಟು

ತಮಿಳು ಸೀಮೆಯಲ್ಲಿದ್ದೂ ಮನೆಯಲ್ಲಿ ಕನ್ನಡವಾಡುವ ಕರುಮತ್ತಂಪಟ್ಟಿಯ ನೇಕಾರರ ಬೀದಿಯಲ್ಲಿ ಇಂಗ್ಲಿಷ್ ಬಲ್ಲವನು ಮಾರಪ್ಪನ್ ಒಬ್ಬನೇ ಎಂದು ಬೀದಿಯವರೆಲ್ಲ ನಂಬಿದ್ದರು. ಮಾರಪ್ಪನೂ ನಂಬಿದ್ದ. ಸಿಂಗಾನಲ್ಲೂರಿನ ಒಂದು ನೂಲಿನ ಮಿಲ್ಲಿನ ಟೈಮ್ ಆಫೀಸಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಹಾಜರಿ ಬರೆಯುತ್ತಿದ್ದ. ‘ಪ್ರೆಸೆಂಟ್’, ‘ಆಬ್ಸೆಂಟ್’, ‘ಲೇಟ್’, ‘ಲೀವ್’ ಎಂಬ ನಾಲ್ಕು ಶಬ್ದಗಳನ್ನು ದಿನಕ್ಕೆ ಎಂಟುನೂರು ಸಲ ಬರೆಯುವವನಿಗೆ ಉಳಿದ ಇಂಗ್ಲಿಷೂ ತಾನಾಗಿಯೇ ಬಂದಿರಬೇಕು ಎಂಬುದು ಬೀದಿಯ ಲೆಕ್ಕಾಚಾರ. ಹಾಗಾಗಿ ಯಾರ ಮನೆಗೆ ತಂತಿ ಬಂದರೂ ಮೊದಲು ಮಾರಪ್ಪನ ತಿಣ್ಣೆಗೆ ಬರುತ್ತಿತ್ತು.

ಒಮ್ಮೆ ಪಕ್ಕದ ಮನೆಯ ಸೆಲ್ಲಮ್ಮನಿಗೆ ಬೊಂಬಾಯಿಯ ಅಳಿಯನಿಂದ ತಂತಿ ಬಂತು. ‘ಡೆಲಿವರ್ಡ್ ಮೇಲ್ ಚೈಲ್ಡ್’ ಎಂದಿತ್ತು. ಮಾರಪ್ಪನ್ ಕನ್ನಡಕ ಏರಿಸಿ ಎರಡು ಸಲ ಓದಿ, "ಮಗು ಹುಟ್ಟ್ಯದೆ ಅಕ್ಕಾ. ಆದ್ರೆ ಮೇಲಲ್ಲಿ ಹುಟ್ಟ್ಯದೆ. ಬಾಂಬೆ ಮೇಲು, ರೈಲು" ಎಂದ. ತುಂಬಿದ ಬಸುರಿಯನ್ನು ರೈಲು ಹತ್ತಿಸಿದ ಅಳಿಯನನ್ನು ಬೀದಿಯೆಲ್ಲ ಹದಿನೈದು ದಿನ ಬೈಯಿತು. ಮಗು ಆಸ್ಪತ್ರೆಯಲ್ಲೇ ಹುಟ್ಟಿತೆಂದು ಆಮೇಲೆ ಕಾಗದ ಬಂದಾಗ, ತಂತಿ ಆಫೀಸಿನವರು ತಪ್ಪು ಹೊಡೆದಿದ್ದಾರೆ ಎಂದು ತೀರ್ಮಾನವಾಯಿತೇ ಹೊರತು ಮಾರಪ್ಪನ ವಿದ್ಯೆಯ ಮೇಲೆ ಯಾರೂ ಸಂಶಯಪಡಲಿಲ್ಲ.

ಇಂಥ ಮಾರಪ್ಪನ ಮಗಳು ವಿಜಯಕುಮಾರಿಗೆ ಅದೇ ಮಿಲ್ಲಿನ ಫಿಟ್ಟರ್ ದೇವರಾಜನ್ ಗೊತ್ತಾಗಿದ್ದ. ಎಂಬತ್ತನಾಲ್ಕನೇ ಇಸವಿಯ ಆನಿ ತಿಂಗಳಲ್ಲಿ ಗಂಡಿನ ಕಡೆಯವರು ಬಂದು ತಟ್ಟೆಯಲ್ಲಿ ಸೀರೆ, ಹೂವು, ತೆಂಗಿನಕಾಯಿ ಇಟ್ಟು ಹೋಗಿದ್ದರು. ಶುಭಕಾರ್ಯಕ್ಕಾಗದ ಆಡಿ ತಿಂಗಳು ಮುಗಿದು ಆವಣಿ ಹುಟ್ಟಿದ ಕೂಡಲೇ ಮದುವೆ. ದೇವರಾಜನ್ ಆರಡಿ ಎರಡಂಗುಲದ ಆಳು. ಸಂಜೆ ಹೊತ್ತು ಮಿಲ್ಲಿನ ಮೈದಾನದಲ್ಲಿ ಏನೋ ಚೆಂಡು ಆಡುತ್ತಾನೆ ಎಂದು ಮಾರಪ್ಪನಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಬಿಡುತ್ತಾನೆ ಎಂದು ಸುಮ್ಮನಿದ್ದ.

ಆಡಿ ಗಾಳಿ ಜೋರಾಗಿ ಬೀಸುತ್ತಿದ್ದ ಒಂದು ಸೋಮವಾರ ಮಾರಪ್ಪನ್ ಹಾಜರಿ ಪುಸ್ತಕ ಹಿಡಿದು ವೆಲ್‌ಫೇರ್ ಆಫೀಸರ ಕೋಣೆಗೆ ಹೋದ. ಈ ಆಫೀಸರು ಮೈಸೂರಿನವರು, ಬಂದು ಮೂರು ತಿಂಗಳಾಗಿತ್ತು. ಏನೇ ಇದ್ದರೂ ಟೈಪ್ ಮಾಡಿಸಿ ಮ್ಯಾನೇಜರಿಗೊಂದು ಪ್ರತಿ ಕಳಿಸುವುದು ಅವರ ಅಭ್ಯಾಸ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮ್ಯಾನೇಜರಿಗೆ ಹೋಗಬೇಕಿದ್ದ ಒಂದು ಟೈಪ್ ಕಾಗದದ ಮೊದಲ ಪುಟವನ್ನು ಗಾಳಿ ಎಲ್ಲಿಗೋ ಹಾರಿಸಿತ್ತು. ಎರಡನೆಯ ಪುಟ ಮೇಜಿನ ಮೇಲೆ ಮಲಗಿತ್ತು. ಅಕ್ಷರ ಕಂಡರೆ ಓದದೆ ಬಿಡುವ ಜಾತಿಯವನಲ್ಲ ಮಾರಪ್ಪನ್. ಬಗ್ಗಿದ.

‘ಐವರು ಕೀ ಮೆನ್‌ಗೆ ಫಸ್ಟ್ ಹಾಫ್‌ನಲ್ಲೇ ರೆಸ್ಟ್ ಕೊಡತಕ್ಕದ್ದು. ಬೆಂಚನ್ನು ಪೂರ್ತಿ ಬಳಸತಕ್ಕದ್ದು. ದೇವರಾಜನ್: ಫೌಲ್‌ಗಳು ಜಾಸ್ತಿ. ನಾಲ್ಕನೆಯದು ಆದ ಕೂಡಲೇ ಹೊರಗೆ. ಅವನ ಜಾಗಕ್ಕೆ ವೆಲ್ಲಿಂಗಿರಿ.’ ಇಂಗ್ಲಿಷಿನಲ್ಲಿದ್ದ ಆ ನಾಲ್ಕು ಸಾಲಿನ ಸಾರಾಂಶ ಇಷ್ಟು.

ಮಾರಪ್ಪನ ಕೈಯಿಂದ ಹಾಜರಿ ಪುಸ್ತಕ ಜಾರಿ ಅವನ ಕಾಲ ಮೇಲೆಯೇ ಬಿತ್ತು. ನೋವು ಗೊತ್ತಾಗಲಿಲ್ಲ.

ಪ್ರತಿ ಶಬ್ದವೂ ಅವನಿಗೆ ಸ್ಪಷ್ಟವಾಗಿ ಅರ್ಥವಾಗಿತ್ತು, ತೊಂದರೆಯಾದದ್ದೇ ಅದರಿಂದ. ಹೋದ ವರ್ಷ ಮುದುಕ ವಾಚ್‌ಮನ್‌ಗೆ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದಾಗ ಮ್ಯಾನೇಜರು ‘ಇನ್ನು ನಿನಗೆ ರೆಸ್ಟ್’ ಎಂದಿದ್ದರು. ಆದ್ದರಿಂದ ರೆಸ್ಟ್ ಎಂದರೆ ಕೆಲಸ ಹೋಯಿತು. ಕೀ ಎಂದರೆ ಬೀಗದ ಕೈ. ಉಪಕರಣದ ಕೋಣೆಯ ಬೀಗದ ಕೈ ದೇವರಾಜನ ಸೊಂಟದಲ್ಲೇ ಇರುತ್ತದೆ. ಬೆಂಚ್ ಎಂದರೆ ಕೋರ್ಟು. ಫೌಲ್ ಎಂದರೆ ಅಪರಾಧ. ಇನ್ನು ವೆಲ್ಲಿಂಗಿರಿಯಂತೂ ಹತ್ತಿ ಹಿಂಜುವ ಕಾರ್ಡಿಂಗ್ ಖಾತೆಯ ಬದಲಿ ಆಳು. ಕಾಯಂ ಆಳಿಗೆ ಜ್ವರ ಬಂದ ದಿನ ಅವನ ಜಾಗಕ್ಕೆ ನಿಲ್ಲಲು ಬೆಳಗಾದರೆ ಗೇಟಿನ ಹತ್ತಿರ ಕಾಯುವವನು. ಕಾಯಂ ಆಳನ್ನು ತೆಗೆದು ಬದಲಿಯನ್ನು ಹಾಕುತ್ತಿದ್ದಾರೆ! ಎಲ್ಲಕ್ಕಿಂತ ಭಯಂಕರವಾದದ್ದು ‘ಫಸ್ಟ್ ಹಾಫ್’. ವರ್ಷದ ಮೊದಲರ್ಧ ಜೂನಿಗೇ ಮುಗಿದಿತ್ತು. ಅಂದರೆ ದೇವರಾಜನ ಕೆಲಸ ಆಗಲೇ ಹೋಗಿದೆ, ಅವನಿಗೇ ಗೊತ್ತಿಲ್ಲದೆ ದಿನಾ ಬರುತ್ತಿದ್ದಾನೆ.

ಮನೆಗೆ ಬಂದ ಗಂಡನ ಮುಖ ನೋಡಿ ಪೊನ್ನಮ್ಮ ಕೇಳಿದಳು.

"ಏನುಂಗ, ಮೊಖ ಯಾಕೆ ಹಿಂಗದೆ? ಬಸ್ಸಲ್ಲಿ ಯಾರಾದ್ರೂ ಕಾಲು ತುಳುದ್ರಾ?"

"ಯಾರ್ಗೂ ಹೇಳಲ್ಲ ಅಂತ ಸತ್ಯ ಮಾಡು."

"ಸತ್ಯ. ಹೇಳಿ."

"ದೇವರಾಜನ್ಗೆ ರೆಸ್ಟ್ ಕೊಡ್ತವ್ರೆ."

"ಒಳ್ಳೇದು ತಾನೆ? ಪಾವ, ಒಂದೇ ಸಮ ವೇಲೆ ಮಾಡ್ತವ್ನೆ."

"ಅಯ್ಯೋ ಪೈತ್ಯಕಾರಿ! ರೆಸ್ಟ್ ಅಂದ್ರೆ ವೇಲೆಯಿಂದ ತಗ್ಯಾದು! ಮೂರು ಫೌಲು, ಅಂದ್ರೆ ಅಪರಾಧ, ಮಾಡವ್ನೆ. ನಾಲ್ಕನೇದಕ್ಕೆ ಕಾಯ್ತಾ ಕುಂತವ್ರೆ!"

ಹೂ ಕಟ್ಟುತ್ತಿದ್ದ ವಿಜಯಕುಮಾರಿ ತಲೆಯೆತ್ತಿ, "ಅಪ್ಪಾ, ಫೌಲ್ ಅಂದ್ರೆ..." ಎಂದಳು. "ಬಾಯಿ ಮುಚ್ಚು. ಹೆಣ್ಣುಮಕ್ಕ ಕೇಳೋ ಸಮಾಚಾರ ಅಲ್ಲ ಇದು" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಪೊನ್ನಮ್ಮ ಮಾಡಿದ ಸತ್ಯ ಗೋಡೆಯಾಚೆಯ ಸೆಲ್ಲಮ್ಮನವರೆಗೆ ಮಾತ್ರ ತಡೆಯಿತು. ಸೆಲ್ಲಮ್ಮ ತಾನೂ ಸತ್ಯ ಮಾಡಿ ಕೇಳಿಸಿಕೊಂಡಳು. ಬೆಳಗಾಗುವಷ್ಟರಲ್ಲಿ ಬೀದಿಯ ನೂರಿಪ್ಪತ್ತು ಜನ ಸತ್ಯ ಮಾಡಿದ್ದರು. ಅಪರಾಧ ಮೂರು ಎಂದು ಮಾತ್ರ ಗೊತ್ತಿದ್ದು, ಅವು ಯಾವುವೆಂದು ಗೊತ್ತಿಲ್ಲದಿರುವುದು ಬೀದಿಗೆ ಸಹಿಸಲಾಗದ ಸ್ಥಿತಿ. ಕೊಳಾಯಿಯ ಹತ್ತಿರ ಮೊದಲನೆಯದು ಸ್ಪ್ಯಾನರ್ ಕಳ್ಳತನ ಎಂದಾಯಿತು. ಹಾಲಿನ ಡಿಪೋದಲ್ಲಿ ಎರಡನೆಯದು ಕುಡಿತ ಎಂದಾಯಿತು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ತಿರುಪ್ಪೂರಲ್ಲಿ ಒಂದು ಮನೆ ಅದೆಯಂತೆ" ಎಂದಷ್ಟೇ ಹೇಳಿ ಕತ್ತು ಆಡಿಸಿದರು.

ಮಂಗಳವಾರ ಮಿಲ್ಲಿನಲ್ಲಿ ಮಾರಪ್ಪನ್ ಯೂನಿಯನ್ ನಾಯಕ ಕುಪ್ಪಸಾಮಿಯನ್ನು ಜಾಣತನದಿಂದ ವಿಚಾರಿಸಿದ. ಕುಪ್ಪಸಾಮಿ ಕೂಡ ಮನೆಯಲ್ಲಿ ಕನ್ನಡವಾಡುವವನೇ, ಆದರೆ ಮೈಕಿನ ಮುಂದೆ ನಿಂತು ನಿಂತು ಟೀ ಕೇಳುವುದನ್ನೂ ಭಾಷಣದಂತೆ ಕೇಳುತ್ತಿದ್ದ.

"ಅಣ್ಣಾ, ಸುಮ್ನೆ ಕೇಳ್ತಿನಿ. ಒಬ್ಬನ್ನ ನೋಟೀಸು ಕೊಡದೆ ತಗೀಬೋದಾ?"

"ಯಾರ್ನ?"

"ಯಾರ್ನೂ ಇಲ್ಲ. ಐದು ಜನರ್ನ."

ಕುಪ್ಪಸಾಮಿಯ ಕೈಯ ಟೀ ಲೋಟ ಗಾಳಿಯಲ್ಲೇ ನಿಂತಿತು. ಎರಡು ನಿಮಿಷದಲ್ಲಿ ಮಾರಪ್ಪನಿಂದ ಎಲ್ಲ ಹೊರಬಂತು. ಆದರೂ ಕುಪ್ಪಸಾಮಿ ಅವಸರದ ಮನುಷ್ಯನಲ್ಲ. ಸಾಕ್ಷಿ ಬೇಕು ಎಂದು ನೇರವಾಗಿ ಕಾರ್ಡಿಂಗ್ ಖಾತೆಗೆ ಹೋಗಿ, ಹತ್ತಿಯ ಧೂಳಿನಲ್ಲಿ ನಿಂತಿದ್ದ ವೆಲ್ಲಿಂಗಿರಿಯನ್ನು ಹಿಡಿದ.

"ಲೇ, ದೇವರಾಜನ ಜಾಗಕ್ಕೆ ನಿನ್ನ ಹಾಕ್ತಾರಂತೆ. ನಿಜವಾ?"

ವೆಲ್ಲಿಂಗಿರಿಯ ಮುಖ ದೀಪ ಹಚ್ಚಿದಂತಾಯಿತು. "ನಿಜ ಅಣ್ಣಾ! ಆಫೀಸರೇ ಕರ್ದು ಹೇಳುದ್ರು. ಹತ್ತು ನಿಮಿಸ ಆದ್ರೂ ಸರಿ ಅಂತ ಮೂರು ವರ್ಸದಿಂದ ಕಾಯ್ತಾ ಕುಂತಿದ್ದೆ."

"ಹತ್ತು ನಿಮಿಸ!"

"ಆಮೇಲೆ ನನ್ನೂ ತಗದು ಇನ್ನೊಬ್ಬನ್ನ ಹಾಕ್ತಾರೆ ಅಣ್ಣಾ. ಅದೇ ಪಿಲಾನು."

ಕುಪ್ಪಸಾಮಿ ಹಣೆ ಹಿಡಿದುಕೊಂಡ. ದಿನಗೂಲಿ ಕೇಳಿದ್ದ, ಗಂಟೆಗೂಲಿ ಕೇಳಿದ್ದ. ಹತ್ತು ನಿಮಿಷದ ಕೂಲಿಯನ್ನು ಅವನ ಹೋರಾಟದ ಜೀವನದಲ್ಲೇ ಕೇಳಿರಲಿಲ್ಲ. ಬುಧವಾರ ಸಂಜೆ ಮೊದಲ ಪಾಳಿ ಬಿಟ್ಟ ಕೂಡಲೇ ಧರಣಿ ಎಂದು ಅಲ್ಲೇ ತೀರ್ಮಾನಿಸಿದ.

ಬುಧವಾರ ಮಾರಪ್ಪನ್ ಲೀವ್ ಹಾಕಿ ಮನೆಯಲ್ಲಿದ್ದಾಗ, ಮಧ್ಯಾಹ್ನ ಸೋಮನೂರಿನಿಂದ ಪೊನ್ನಮ್ಮನ ಅಣ್ಣ ತಿರುಮಲೈಸಾಮಿ ಸುದ್ದಿ ಕೇಳಿ ಬುಲೆಟ್ ಮೇಲೆ ಬಂದಿಳಿದ. ಹನ್ನೆರಡು ಪವರ್‌ಲೂಮುಗಳ ನಡುವೆ ಬಾಳಿದವನಾದ್ದರಿಂದ ಅವನಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ.

"ಮಾಪ್ಳೆ! ತಟ್ಟೆ ತಗೀರಿ, ವಾಪಸ್ ಕೊಟ್ಬುಡಾಣ! ಸೀರೆ ತಗೀರಿ! ನಮ್ಮ ಹೆಣ್ಣ ಕೇಡಿಗೆ ಕೊಡಾಕಾಗಲ್ಲ!"

"ಮಚ್ಚಾನ್, ಒಸಿ ಮೆಲ್ಲಗೆ."

"ಮೆಲ್ಲಗೇ ತಾನೆ ಹೇಳ್ತಿವ್ನಿ!"

ಬಾಗಿಲ ಸಂದಿಯಿಂದ ವಿಜಯಕುಮಾರಿ, "ಮಾಮ, ಅವರ್ನೇ ಒಂದು ಮಾತು ಕೇಳಿ" ಎಂದಳು. ಆ ಮಾತು ಮಾತ್ರ ತಿರುಮಲೈಸಾಮಿಗೆ ನ್ಯಾಯವೆನಿಸಿತು. ಮಾರಪ್ಪನನ್ನು ತಟ್ಟೆಯ ಸಮೇತ ಹಿಂದೆ ಕೂರಿಸಿಕೊಂಡು ಸಿಂಗಾನಲ್ಲೂರಿಗೆ ಬುಲೆಟ್ ಹೊಡೆದ. ದಾರಿಯುದ್ದಕ್ಕೂ ತೆಂಗಿನಕಾಯಿ ಬೀಳದಂತೆ ಗದ್ದದಿಂದ ಒತ್ತಿ ಹಿಡಿಯುವುದರಲ್ಲೇ ಮಾರಪ್ಪನ ಪ್ರಾಣ ಹೋಯಿತು.

ದೇವರಾಜನ್ ಬಾಗಿಲ ಮೆಟ್ಟಿಲ ಮೇಲೆ ಚಡ್ಡಿ ಬನಿಯನ್ನಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಮದುವೆ ಗೊತ್ತಾದ ಗಂಡು ಹಾಡುಹಗಲಿನಲ್ಲಿ ಚಡ್ಡಿಯಲ್ಲಿರುವುದೇ ಒಂದು ಆಘಾತ. ತಿರುಮಲೈಸಾಮಿ ಅದನ್ನು ನುಂಗಿಕೊಂಡು ಕೇಳಿದ.

"ಫೌಲು ಮಾಡಿದ್ದು ನಿಜವಾ?"

"ಹೋದ ವಾರದ್ದಾ ಮಾಮ? ನಿಜ. ಹತ್ತು ನಿಮಿಸದಲ್ಲಿ ಮೂರು ಆಗೋಯ್ತು" ಎಂದು ದೇವರಾಜನ್ ನಕ್ಕ.

"ಯಾರ್ ಮೇಲೆ?"

"ಪೊಲೀಸಿನವರ ಮೇಲೆ."

ಮಾರಪ್ಪನ್ ತಟ್ಟೆಯನ್ನು ಎದೆಗವಚಿಕೊಂಡ. ತಿರುಮಲೈಸಾಮಿಯ ಧ್ವನಿ ಹುಟ್ಟಿದಂದಿನಿಂದ ಮೊದಲ ಸಲ ಇಳಿಯಿತು.

"ಪೊಲೀಸಿನವರ ಮೇಲೆ ಕೈ ಹಾಕಿದ್ಯಾ?"

"ಒಬ್ಬನ್ನ ತಳ್ಳುದೆ. ಒಬ್ಬನ ಕೈ ಮೇಲೆ ಹೊಡ್ದೆ. ಇನ್ನೊಬ್ಬ ಓಡ್ತಿದ್ದ, ಬನಿಯನ್ ಹಿಡ್ದು ಎಳ್ದೆ. ಇವತ್ತೂ ಅವರೇ ಬರ್ತವ್ರೆ ಮಾಮ, ನೀವೂ ಬನ್ನಿ, ನೋಡಿ!" ಎಂದು ಹೇಳಿ ದೇವರಾಜನ್ ಸೈಕಲ್ ಹತ್ತಿ ಹೊರಟೇಹೋದ.

ಒಳಗಿಂದ ಅವನ ತಾಯಿ ಸಾಮಿಯಾತಾಳ್ ಬಂದಳು. ಹೆಸರಿನಷ್ಟೇ ಗಂಭೀರವಾದ ಹೆಂಗಸು. ತಿರುಮಲೈಸಾಮಿ ಅವಳ ಕೈಗೆ ತಟ್ಟೆ ಕೊಟ್ಟು, ಸ್ಪ್ಯಾನರು, ಕುಡಿತ, ತಿರುಪ್ಪೂರಿನ ಮನೆ, ಕೊನೆಗೆ ಪೊಲೀಸರು ಎಂದು ಕ್ರಮವಾಗಿ ಹೇಳಿ ಮುಗಿಸಿದ. ಸಾಮಿಯಾತಾಳ್ ಅಳಲಿಲ್ಲ. "ನನ್ ಮಗ ಏನು ಮಾಡವ್ನೆ ಅಂತ ಆ ಆಫೀಸರ ಬಾಯಲ್ಲೇ ಕೇಳ್ತಿನಿ. ಇಲ್ಲ ಅಂದ್ರೆ ಹೇಳಿದವರ ಗತಿ ಆಮೇಲೆ ನೋಡ್ಕೋಣ" ಎಂದು ತಟ್ಟೆ ಹೊತ್ತು ಮಿಲ್ಲಿನ ಕಡೆಗೆ ನಡೆದಳು.

ಮಿಲ್ಲಿನ ಮೈದಾನದಲ್ಲಿ ನಾಲ್ಕೂವರೆಗೆ ಪೊಲೀಸ್ ತಂಡದ ಜೊತೆ ಬ್ಯಾಸ್ಕೆಟ್‌ಬಾಲ್ ಫೈನಲ್ ಶುರುವಾಗಿತ್ತು. ಮಾರಪ್ಪನ್ ಈ ಆಟ ನೋಡುತ್ತಿದ್ದುದು ಇದೇ ಮೊದಲು. ಸೆಲ್ಲಮ್ಮ, ಪೊನ್ನಮ್ಮ, ವಿಜಯಕುಮಾರಿ ಬಸ್ಸಿನಲ್ಲಿ ಬಂದು ಸೇರಿದ್ದರು. ಆಫೀಸರು ಇಲ್ಲೇ ಸಿಗುತ್ತಾರೆಂದು ಕುಪ್ಪಸಾಮಿ ನಲವತ್ತು ಜನರೊಂದಿಗೆ ಯೂನಿಯನ್ ಬಾವುಟ ಹಿಡಿದು ಇನ್ನೊಂದು ಬದಿಯಲ್ಲಿ ನಿಂತಿದ್ದ. ದೇವರಾಜನ್ ಹಾರಿ ಹಾರಿ ಬುಟ್ಟಿಗೆ ಚೆಂಡು ಹಾಕುತ್ತಿದ್ದ. ಸರಿಯಾಗಿ ಹತ್ತನೇ ನಿಮಿಷಕ್ಕೆ ಮೈಸೂರಿನ ಆಫೀಸರು ಎದ್ದು ಕೈ ಮಾಡಿದರು. ಸೀಟಿ ಊದಿತು. ದೇವರಾಜನ್ ತಲೆ ತಗ್ಗಿಸಿ ಹೊರಗೆ ಬಂದ. ವೆಲ್ಲಿಂಗಿರಿ ಒಳಗೆ ಓಡಿದ.

"ಅಯ್ಯಯ್ಯೋ, ತಗದೇ ಬಿಟ್ರಲ್ಲಾ!" ಎಂದು ಪೊನ್ನಮ್ಮ ಕಿರುಚಿದಳು.

ಕುಪ್ಪಸಾಮಿಗೆ ಅದೇ ಸಂಕೇತ. ನಲವತ್ತು ಜನ ಬಾವುಟದ ಸಮೇತ ಆಟದ ಅಂಕಣದ ನಟ್ಟನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಚೆಂಡು ಒಬ್ಬನ ತಲೆಗೆ ಬಡಿದು ಉರುಳಿಕೊಂಡು ಹೋಯಿತು. ಪೊಲೀಸ್ ಆಟಗಾರರು ದಂಗಾಗಿ ನಿಂತರು. ಧರಣಿ ಕಂಡರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಚಡ್ಡಿಯಲ್ಲಿರುವಾಗ ಮಾಡಬಹುದೇ ಎಂದು ಗೊತ್ತಿರಲಿಲ್ಲ.

ಆಫೀಸರು ಓಡಿ ಬಂದರು. "ಏನ್ರೀ ಇದು? ಯಾಕ್ರೀ ಇಲ್ಲಿ ಕೂತಿದ್ದೀರಿ?"

"ಐದು ಕಾಯಂ ಆಳುಗಳನ್ನ ತೆಗೆಯೋ ಆರ್ಡರ್ ವಾಪಸ್ ತಗೊಳ್ಳಿ! ಬೆಂಚ್ ತೀರ್ಪು ಕೊಡೋಕೆ ಮುಂಚೆ ದೇವರಾಜನ್ನ ಹೆಂಗೆ ತಗದ್ರಿ?"

"ಬೆಂಚು ತೀರ್ಪು ಕೊಡುತ್ತೇನ್ರೀ? ಬೆಂಚು ಅಲ್ಲಿದೆ ನೋಡಿ!"

ಎಲ್ಲರೂ ತಿರುಗಿ ನೋಡಿದರು. ಕ್ಯಾಂಟೀನಿನಿಂದ ತಂದ ಉದ್ದನೆಯ ಮರದ ಬೆಂಚು. ಅದರ ಮೇಲೆ ಏಳು ಜನ ಕೂತಿದ್ದರು. ನಡುವೆ ದೇವರಾಜನ್ ತಲೆ ಮೇಲೆ ಟವೆಲು ಹಾಕಿಕೊಂಡು ಗ್ಲೂಕೋಸ್ ನೀರು ಕುಡಿಯುತ್ತಿದ್ದ.

ಆಫೀಸರು ಬೆವರು ಒರೆಸಿಕೊಂಡು ಬಿಡಿಸಿ ಹೇಳಿದರು. ಪೊಲೀಸ್ ತಂಡದಲ್ಲಿ ಒಳ್ಳೆಯ ಆಟಗಾರರು ಐದೇ ಜನ. ಅವರನ್ನು ಬದಲಿಸಲು ಆಳಿಲ್ಲ. ನಮ್ಮಲ್ಲಿ ಬೆಂಚಿನ ಮೇಲೂ ಆಡಬಲ್ಲ ಏಳು ಜನರಿದ್ದಾರೆ. ಆದ್ದರಿಂದ ಆಟದ ಮೊದಲರ್ಧದಲ್ಲಿ ನಮ್ಮ ಐದು ಮುಖ್ಯ ಆಟಗಾರರಿಗೆ ಸರದಿಯ ಮೇಲೆ ಹತ್ತು ಹತ್ತು ನಿಮಿಷ ಉಸಿರು ತೆಗೆದುಕೊಳ್ಳಲು ಬಿಡುವುದು. ಕೊನೆಯ ಹತ್ತು ನಿಮಿಷದಲ್ಲಿ ಪೊಲೀಸರ ಕಾಲು ಸೋತಿರುತ್ತದೆ, ನಮ್ಮವರ ಕಾಲು ಹೊಸದಾಗಿರುತ್ತದೆ. ಫೌಲ್ ಎಂದರೆ ಆಟದಲ್ಲಿ ಮೈ ತಾಗಿಸುವ ತಪ್ಪು. ಐದಾದರೆ ಆ ದಿನ ಮತ್ತೆ ಆಡುವ ಹಾಗಿಲ್ಲ. ಅದಕ್ಕೇ ನಾಲ್ಕಾದ ಕೂಡಲೇ ಕೂರಿಸಿ ಕಾಪಾಡಿಕೊಳ್ಳುವುದು.

"ಅಂದ್ರೆ ಬದಲಿ ಆಳು!" ಎಂದ ಕುಪ್ಪಸಾಮಿ.

"ಹಾಗನ್ನಿ."

"ವೇಲೆ ಯಾರ್ದೂ ಹೋಗಲ್ಲ?"

"ಯಾರದೂ ಹೋಗಲ್ಲ. ಇಷ್ಟೆಲ್ಲ ಹೇಳಿದ್ದು ಯಾರು ನಿಮಗೆ?"

ನಲವತ್ತು ತಲೆಗಳು ಒಟ್ಟಿಗೆ ತಿರುಗಿದವು. ಮಾರಪ್ಪನ್ ತಿರುಮಲೈಸಾಮಿಯ ಬೆನ್ನ ಹಿಂದೆ ಸರಿದ. ತಿರುಮಲೈಸಾಮಿ ಪಕ್ಕಕ್ಕೆ ಸರಿದ.

ಸಾಮಿಯಾತಾಳ್ ತಟ್ಟೆ ಹೊತ್ತು ಅಂಕಣದೊಳಕ್ಕೇ ಬಂದಳು. "ನೀವು ಕಾಗದ ಓದಿ ಹೇಳಿದ್ದು ತಾನೆ ಅಣ್ಣಾ? ನನ್ ಮಗ ಕಳ್ಳ, ಕುಡುಕ, ಇನ್ನೊಂದು ಮನೆ ಮಡಗವ್ನೆ ಅಂತ ಕಾಗದದಲ್ಲಿ ಇತ್ತಾ?"

"ಇರ್ಲಿಲ್ಲ."

"ಮತ್ತೆ?"

ಗಾಳಿ ಬೀಸುತ್ತಿತ್ತು. ಕುಪ್ಪಸಾಮಿಯ ಬಾವುಟ ಪಟಪಟ ಎನ್ನುತ್ತಿತ್ತು. ಮಿಲ್ಲಿನವರು, ಊರಿನವರು, ಪೊಲೀಸಿನವರು ಎಲ್ಲರೂ ತನ್ನನ್ನೇ ನೋಡುತ್ತಿರುವಾಗ ಮಾರಪ್ಪನಿಗೆ ಒಂದೇ ಒಂದು ವಾಕ್ಯ ಉಳಿದಿತ್ತು. ಇಪ್ಪತ್ತೆರಡು ವರ್ಷದಿಂದ ಅದನ್ನು ಅವನು ತನ್ನೊಳಗೇ ಕೂಡ ಹೇಳಿಕೊಂಡಿರಲಿಲ್ಲ.

"ನಂಗೆ ಇಂಗ್ಲೀಸು ಬರಾದಿಲ್ಲ ತಾಯಿ."

ಕುಪ್ಪಸಾಮಿ ಬಾಯಿ ತೆರೆದ. ಸೆಲ್ಲಮ್ಮ ಕೆನ್ನೆಗೆ ಕೈ ಹಚ್ಚಿದಳು. ಆದರೆ ಎಲ್ಲರಿಗಿಂತ ದೊಡ್ಡ ಆಘಾತ ಪೊನ್ನಮ್ಮನಿಗೆ. "ಏನುಂಗ! ಅದ ಹೇಳಿ ತಾನೆ ನನ್ನ ಹೆಣ್ಣು ಕೇಳಿ ಬಂದ್ರಿ? ನಮ್ಮಪ್ಪ ಅದ ನಂಬಿ ತಾನೆ ಕೊಟ್ರು?"

ಸಾಮಿಯಾತಾಳ್ ಮಾತ್ರ ಕದಲಲಿಲ್ಲ. "ತಪ್ಪು ಒಪ್ಕಂಡ್ರಿ, ಸರಿ. ಬೀದಿಯೆಲ್ಲ ನನ್ ಮಗನ ಮಾನ ತಗದ್ರಲ್ಲ, ಅದಕ್ಕೇನು? ತಟ್ಟೆ ನನ್ನ ಹತ್ರಾನೇ ಇರ್ಲಿ" ಎಂದು ಅಂಕಣದ ಬದಿಗೆ ಹೋಗಿ ಕೂತಳು. ತಟ್ಟೆ ಮಡಿಲಲ್ಲೇ ಇತ್ತು. ಮಾರಪ್ಪನ್ ಹತ್ತಿರ ಹೋದ. ಅವಳು ಮುಖ ತಿರುಗಿಸಿದಳು. ತಿರುಮಲೈಸಾಮಿ ಸಮಾಧಾನ ಹೇಳಲು ಬಾಯಿ ತೆರೆದ. ಅವನ ಸಮಾಧಾನದ ಸದ್ದಿಗೆ ರೆಫರಿಯೇ ಬೆಚ್ಚಿಬಿದ್ದು ಸುಮ್ಮನಿರಲು ಹೇಳಿದ.

ಅರ್ಧ ಗಂಟೆಯಾದ ಮೇಲೆ ಆಟ ಮತ್ತೆ ಶುರುವಾಯಿತು. ಅಷ್ಟರಲ್ಲಿ ಪೊಲೀಸ್ ತಂಡದ ಐವರೂ ನೆರಳಿನಲ್ಲಿ ಕಾಲು ಚಾಚಿ ಮಲಗಿ, ಎಳನೀರು ಕುಡಿದು, ಹೊಸಬರಂತೆ ಎದ್ದು ಬಂದಿದ್ದರು. ಮೂರು ವಾರ ಲೆಕ್ಕ ಹಾಕಿ ಆಫೀಸರು ಯೋಚಿಸಿದ್ದ ರೆಸ್ಟನ್ನು ಯೂನಿಯನ್ ಎದುರಾಳಿಗಳಿಗೂ ಸಮನಾಗಿ ಹಂಚಿಬಿಟ್ಟಿತ್ತು. ಆಫೀಸರು ಬೆಂಚಿನ ತುದಿಯಲ್ಲಿ ತಲೆ ಹಿಡಿದುಕೊಂಡು ಕೂತರು. ಆದರೂ ಬದಲಿಗಳು ಸೋಲಲಿಲ್ಲ. ಮೂರು ವರ್ಷ ಕೂತಿದ್ದ ವೆಲ್ಲಿಂಗಿರಿ ಮೂರು ವರ್ಷದ ಓಟವನ್ನೆಲ್ಲ ಒಟ್ಟಿಗೆ ಓಡಿದ. ಕೊನೆಯ ಎಂಟು ನಿಮಿಷ ಉಳಿದಾಗ ಎರಡೂ ಕಡೆ ಸಮ ಸಮ ಇತ್ತು. ನಾಲ್ಕು ಫೌಲಾಗಿ ಬೆಂಚಿನಲ್ಲಿ ಕೂತಿದ್ದ ದೇವರಾಜನನ್ನು ಆಫೀಸರು ಆಗಲೇ ಮತ್ತೆ ಒಳಗೆ ಕಳಿಸಿದ್ದರು. ಆಗ ಸೀಟಿ ಊದಿತು. ಆಟದ ಲೆಕ್ಕ ಬರೆಯುವವರ ಮೇಜಿನಿಂದ ಐದು ಬೆರಳು ಮೇಲೆದ್ದವು. ದೇವರಾಜನಿಗೆ ಐದನೇ ಫೌಲ್. ಹೊರಗೆ.

ದೇವರಾಜನ್ ಹೊರಗಿನತ್ತ ಎರಡು ಹೆಜ್ಜೆ ಹಾಕಿದ್ದ, ಅಷ್ಟೆ.

"ಇಲ್ಲ ಸಾರ್! ನಾಲ್ಕೇ!"

ಹೆಣ್ಣಿನ ಧ್ವನಿ. ವಿಜಯಕುಮಾರಿ ಎದ್ದು ನಿಂತಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು. ಅದನ್ನು ಹಿಡಿದುಕೊಳ್ಳುವ ಪರಿವೆಯೂ ಅವಳಿಗಿರಲಿಲ್ಲ.

"ಎರಡನೇದು ಅವರ್ದಲ್ಲ ಸಾರ್! ಹನ್ನೊಂದನೇ ನಂಬರಿನವರು ತಳ್ಳಿದ್ದು! ನೀವು ಇವರ ನಂಬರು ಏಳು ಅಂತ ಬರ್ಕೊಂಡಿದೀರಿ, ನೋಡಿ!"

ಬರೆಯುವವನು ಹಾಳೆ ನೋಡಿದ. ರೆಫರಿ ಬಂದು ನೋಡಿದ. ಇಬ್ಬರೂ ಪಿಸುಗುಟ್ಟಿಕೊಂಡರು. ಒಂದು ಬೆರಳು ಮಡಿಸಿಕೊಂಡಿತು. ದೇವರಾಜನ್ ತಿರುಗಿ ಒಳಗೆ ಓಡಿದ, ಓಡುವಾಗ ಒಮ್ಮೆ ಹಿಂದೆ ನೋಡಿದ. ಆ ನೋಟ ಹೊಸದಾಗಿ ಪರಿಚಯವಾದವರ ನೋಟವಾಗಿರಲಿಲ್ಲ.

"ನಿಂಗೆ ಹೆಂಗೆ ಗೊತ್ತು?" ಎಂದ ಮಾರಪ್ಪನ್.

ವಿಜಯಕುಮಾರಿ ಸೆರಗು ಸರಿಮಾಡಿಕೊಂಡು ಕೂತಳು. "ಟೈಪು ಕ್ಲಾಸಿಂದ ಬಸ್ ಸ್ಟ್ಯಾಂಡಿಗೆ ಹೋಗೋ ದಾರಿ ಇದೇ ಅಪ್ಪಾ. ಎರಡು ವರ್ಸದಿಂದ ನೋಡ್ತಿವ್ನಿ."

"ಎರಡು ವರ್ಸ!" ಎಂದಳು ಪೊನ್ನಮ್ಮ.

"ಎರಡು ವರ್ಸ!" ಎಂದ ತಿರುಮಲೈಸಾಮಿ. ಅದು ಸೂಲೂರಿನವರೆಗೆ ಕೇಳಿಸಿರಬೇಕು.

ಜಾತಕ ಹಿಡಿದು ಆರು ಊರು ಅಲೆದು ಕೊನೆಗೆ ಮಿಲ್ಲಿನಲ್ಲೇ ಗಂಡು ಸಿಕ್ಕಿದ್ದನ್ನು, ಆ ಗಂಡಿನ ಹೆಸರನ್ನು ಮೊದಲು ಎತ್ತಿದ್ದು ಯಾರು ಎಂಬುದನ್ನು ಮಾರಪ್ಪನ್ ನೆನಪಿಸಿಕೊಳ್ಳಲು ಹೊರಟಿದ್ದ. ನೆನಪಾಗುತ್ತಿದ್ದಂತೆ ಅವನ ಬಾಯಿ ಮೆಲ್ಲಗೆ ತೆರೆದುಕೊಂಡಿತು.

ಅಷ್ಟರಲ್ಲಿ ಸಾಮಿಯಾತಾಳ್ ಎದ್ದು ಬಂದು ವಿಜಯಕುಮಾರಿಯ ಪಕ್ಕದಲ್ಲಿ ಕೂತಳು. ‘ಕಣ್ಣು’ ಎಂದು ಮುದ್ದಿನಿಂದ ಕರೆದು ತಟ್ಟೆಯನ್ನು ಅವಳ ಮಡಿಲಿಗೆ ಇಟ್ಟಳು.

"ಇದ ಹಿಡ್ಕ ಕಣ್ಣು, ನನ್ ಕೈ ನೋವು. ಈಗ ಹೇಳು, ಆ ಕರಿ ಪೊಲೀಸು ಸುಮ್ಸುಮ್ನೆ ಯಾಕೆ ನನ್ ಮಗನ ಹಿಂದೇನೇ ಓಡ್ತವ್ನೆ?"

"ಅವರ್ನ ಕಾಯಕ್ಕೆ ಅತ್ತೆ. ಬಾಲು ಸಿಗ್ದಂಗೆ."

"ಓಹೋ. ಸಿಗ್ತು ನೋಡು!"

ಮಾರಪ್ಪನ್ ಬಗ್ಗಿ ಅವರಿಬ್ಬರ ನಡುವೆ ತಲೆ ತೂರಿಸಿದ.

"ಈಗ ಎಷ್ಟು ಹೊತ್ತು ಅದೆ ಕಣ್ಣು? ನಮ್ಮೋರು ಮೇಲಾ? ಆ ಕೈ ಹಂಗೆ ಎತ್ತಿದ್ರೆ ಏನರ್ಥ? ನಂಗೆ ಗೊತ್ತಾಗಿದ್ದು ಏನಂದ್ರೆ..."

"ಅಪ್ಪಾ," ಎಂದಳು ವಿಜಯಕುಮಾರಿ, ಕಣ್ಣು ಆಟದಿಂದ ತೆಗೆಯದೆ. "ಮಾತಾಡ್ಬೇಡ. ನೋಡು."

ಮಾರಪ್ಪನ್ ನೋಡಿದ.